ಹಾಸಿಗೆಯಲ್ಲೇ ವ್ರತ ಸ್ವೀಕರಿಸಿದ ಮಾತೆ ಮೇರಿ ಮಾರ್ಟಿನ್

ಹೆರಿಗೆ ನೋವಿನಲ್ಲಿ ನರಳುತ್ತಿರುವ ತಾಯಿಯ ಬಳಿ ಧರ್ಮಭಗಿನಿಯರು ಹೋಗುವಂತಿಲ್ಲ ಎಂಬ ಕಟ್ಟಳೆ ನಮ್ಮ ಧರ್ಮಸಭೆಯಲ್ಲಿ ಒಂದು ಕಾಲಕ್ಕೆ ಇತ್ತು ಎಂದರೆ ಇಂದಿನ ಓದುಗರಲ್ಲಿ ಅನೇಕರಿಗೆ ನಂಬಿಕೆ ಬಾರದು. ನಮ್ಮಲ್ಲಿ ಎಷ್ಟೋ ಮಂದಿ ಕಣ್ಣು ಬಿಟ್ಟದ್ದೇ ಭಗಿನಿಯರು ನಡೆಸುವ ಹೆರಿಗೆ ವಾರ್ಡುಗಳಲ್ಲಿ. ನಮ್ಮನ್ನು ಮೊದಲು ಎತ್ತಿಕೊಂಡ ಕೈ ಬಿಳಿಯುಡುಪಿನ ಸಿಸ್ಟರ್ ಒಬ್ಬರದು ಎಂದು ಮನೆಯ ಹಿರಿಯರು ಹೇಳಿದ್ದನ್ನು ಕೇಳಿ ಬೆಳೆದವರು ನಾವು. ಆದರೆ 1936ರವರೆಗೆ ಪರಿಸ್ಥಿತಿ ಹೀಗಿರಲಿಲ್ಲ. ಆ ಬಾಗಿಲು ತೆರೆಯಲೆಂದು ಪ್ರಾರ್ಥಿಸುತ್ತಾ ವರ್ಷಾನುಗಟ್ಟಲೆ ಕಾದವರಲ್ಲಿ ಐರ್ಲೆಂಡ್ ದೇಶದ ಒಬ್ಬ ಹೆಣ್ಣುಮಗಳೂ ಇದ್ದರು. ಅವರೇ ಮದರ್ ಮೇರಿ ಮಾರ್ಟಿನ್, ಮರಿಯಮ್ಮನವರ ವೈದ್ಯಕೀಯ ಪ್ರೇಷಿತರು ಎಂಬ ಭಗಿನಿಯರ ಸಭೆಯ ಸ್ಥಾಪಕಿ.

ದುರ್ಬಲ ಹೃದಯ, ಪದೇಪದೇ ಬಂದ ಕಾಯಿಲೆ, ಮೇಲಿಂದ ಮೇಲೆ ಮುಚ್ಚಿದ ದಾರಿಗಳು ಅವರ ಬಾಳಿನುದ್ದಕ್ಕೂ ಇದ್ದವು. ಆರೋಗ್ಯವಂತರೇ ಕೈಚೆಲ್ಲಬಹುದಾದ ಕಾರ್ಯವನ್ನು ಈ ರೋಗಿಷ್ಠ ಮಹಿಳೆ ಹೇಗೆ ನಡೆಸಿದರು ಎಂಬುದನ್ನು ನಮ್ಮ ಕುಟುಂಬಗಳು ತಿಳಿದುಕೊಳ್ಳುವುದು ಒಳ್ಳೆಯದು.

ಸಿರಿವಂತರ ಮನೆಯ ಮಗಳು

ಮೇರಿ ಹುಟ್ಟಿದ್ದು 1892ರ ಏಪ್ರಿಲ್ ತಿಂಗಳಲ್ಲಿ, ಡಬ್ಲಿನ್ ನಗರದ ಸಮೀಪದ ಗ್ಲೆನಗೇರಿ ಎಂಬಲ್ಲಿ. ತಂದೆ ಥಾಮಸ್ ಮಾರ್ಟಿನ್ ಮರದ ವ್ಯಾಪಾರದಲ್ಲಿ ಹೆಸರು ಮಾಡಿದವರು. ಹನ್ನೆರಡು ಮಕ್ಕಳ ತುಂಬು ಸಂಸಾರದಲ್ಲಿ ಮೇರಿ ಎರಡನೆಯವರು. ಮನೆಯಲ್ಲಿ ಆಳುಕಾಳುಗಳಿದ್ದರು, ಅನುಕೂಲಕ್ಕೆ ಕೊರತೆ ಇರಲಿಲ್ಲ. ಭಕ್ತಿಗೂ ಕೊರತೆ ಇರಲಿಲ್ಲ. ಬಾಲ್ಯದಲ್ಲೇ ಮೇರಿಗೆ ಕೀಲುವಾತದ ಜ್ವರ ಬಂದು ಹೃದಯ ದುರ್ಬಲವಾಯಿತು. ಆ ದೌರ್ಬಲ್ಯ ಜೀವನಪರ್ಯಂತ ಅವರ ಜೊತೆಗೇ ಉಳಿಯಿತು.

1907ರಲ್ಲಿ, ಸಂತ ಪ್ಯಾಟ್ರಿಕರ ಹಬ್ಬದ ದಿನವೇ, ತಂದೆ ಆಕಸ್ಮಿಕವಾಗಿ ತೀರಿಕೊಂಡರು. ಆಗ ಮೇರಿಗೆ ಇನ್ನೂ ಹದಿನೈದು ತುಂಬಿರಲಿಲ್ಲ. ಹನ್ನೆರಡು ಮಕ್ಕಳನ್ನು ಕಟ್ಟಿಕೊಂಡು ವಿಧವೆ ತಾಯಿ ಸಂಸಾರ ನಡೆಸಿದರು. ಹಿರಿಯ ಮಗಳಾಗಿ ಮೇರಿ ತಾಯಿಗೆ ಹೆಗಲು ಕೊಟ್ಟರು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಮೇರಿಯ ಅಣ್ಣತಮ್ಮಂದಿರು ಸೈನ್ಯ ಸೇರಿದರು. ಮೇರಿ ಗಾಯಾಳುಗಳ ಶುಶ್ರೂಷೆಗೆ ಸ್ವಯಂಸೇವಕಿಯಾಗಿ ತರಬೇತಿ ಪಡೆದು 1915ರ ಅಕ್ಟೋಬರಿನಲ್ಲಿ ಮಾಲ್ಟಾ ದ್ವೀಪದ ಮಿಲಿಟರಿ ಆಸ್ಪತ್ರೆಗೆ ಹೊರಟರು. ಗಲಿಪೊಲಿ ರಣಾಂಗಣದಲ್ಲಿ ಗಾಯಗೊಂಡವರನ್ನೂ ಭೇದಿಯಿಂದ ಬಳಲಿದವರನ್ನೂ ಹಡಗುಗಳಲ್ಲಿ ಆ ದ್ವೀಪಕ್ಕೆ ತಂದು ಇಳಿಸಲಾಗುತ್ತಿತ್ತು. ಸಿರಿವಂತರ ಮನೆಯ ಮಗಳು ಅಲ್ಲಿ ಕೀವು ತೊಳೆದರು, ಮಲಮೂತ್ರ ಬಳಿದರು, ಸಾಯುವವರ ಪಕ್ಕದಲ್ಲಿ ರಾತ್ರಿಗಳನ್ನು ಕಳೆದರು.

ಅಲ್ಲಿರುವಾಗಲೇ ಸಹೋದರ ಚಾರ್ಲಿ ಬಾಲ್ಕನ್ ಪ್ರದೇಶದ ಯುದ್ಧದಲ್ಲಿ ಕಾಣೆಯಾದನೆಂಬ ಸುದ್ದಿ ಬಂತು. ಮಗ ಬದುಕಿರಬಹುದೆಂಬ ಆಸೆಯಿಂದ ತಾಯಿ 1916ರ ಜನವರಿ ಒಂದರಿಂದ ಅವನಿಗೆ ಪತ್ರದ ರೂಪದಲ್ಲಿ ದಿನಚರಿ ಬರೆಯತೊಡಗಿದರು. ಅವನು ಮನೆಗೆ ಬಂದ ಮೇಲೆ ಓದಲಿ, ತಾನಿಲ್ಲದಾಗ ಮನೆಯಲ್ಲಿ ಏನೇನು ನಡೆಯಿತೆಂದು ತಿಳಿಯಲಿ ಎಂಬುದು ಆ ತಾಯಿಯ ಎಣಿಕೆ. ಹಲವು ತಿಂಗಳು ಬರೆದರು. ಆದರೆ ಆ ಪತ್ರಗಳನ್ನು ಓದಲು ಮಗ ಬರಲಿಲ್ಲ. ಗಾಯಗೊಂಡ ಚಾರ್ಲಿ 1915ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದನು. ಆ ದಿನಚರಿಯನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಇಂದಿಗೂ ಕಾಪಾಡಿಕೊಂಡಿದೆ.

ಮಗನನ್ನು ಕಳೆದುಕೊಂಡ ಈ ತಾಯಿಯ ಮಗಳೇ 1916ರಲ್ಲಿ ಮತ್ತೆ ಫ್ರಾನ್ಸಿಗೆ ಹೋಗಿ ಸೋಮ್ ಯುದ್ಧದ ಗಾಯಾಳುಗಳ ಆರೈಕೆ ಮಾಡಿದರು.

ಶುಶ್ರೂಷೆ ಮಾಡಲು ಹೋದವರು ಪಾಠ ಹೇಳಿದರು

ಯುದ್ಧದಿಂದ ಮರಳಿದ ಮೇರಿಯ ಮುಂದೆ ವಿವಾಹದ ದಾರಿ ತೆರೆದಿತ್ತು. ಒಳ್ಳೆಯ ಮನೆತನದ ಸಂಬಂಧವೂ ಬಂದಿತ್ತು. ಆದರೆ 1917ರಲ್ಲಿ ಅವರು ತಮ್ಮ ಬಾಳು ಬೇರೊಂದಕ್ಕೆ ಮೀಸಲೆಂದು ನಿರ್ಧರಿಸಿ ಆ ಸಂಬಂಧವನ್ನು ಬಿಟ್ಟರು. ಅವರ ಧರ್ಮಕೇಂದ್ರಕ್ಕೆ ಸಹಾಯಕ ಗುರುಗಳಾಗಿ ಬಂದ ಫಾದರ್ ಥಾಮಸ್ ರೋನೆನ್ ಅವರ ಮೂಲಕ ಆಫ್ರಿಕಾದ ನೈಜೀರಿಯಾದಲ್ಲಿ ಸೇವೆ ಸಲ್ಲಿಸುತ್ತಿದ್ದ ಧರ್ಮಾಧ್ಯಕ್ಷ ಜೋಸೆಫ್ ಶಾನಹನ್ ಅವರ ಪರಿಚಯವಾಯಿತು. ಅಲ್ಲಿ ಸಾವಿರಾರು ತಾಯಂದಿರು ಹೆರಿಗೆಯಲ್ಲಿ ಸಾಯುತ್ತಿದ್ದರು. ನೋಡಿಕೊಳ್ಳುವವರಿರಲಿಲ್ಲ. ಮೇರಿ ಡಬ್ಲಿನ್ನಿನ ಹೆರಿಗೆ ಆಸ್ಪತ್ರೆಯಲ್ಲಿ ಸೂಲಗಿತ್ತಿ ತರಬೇತಿ ಮುಗಿಸಿ 1921ರಲ್ಲಿ ಒಬ್ಬ ಗೆಳತಿಯೊಡನೆ ಹಡಗು ಹತ್ತಿದರು.

ಕಲಬಾರ್ ಎಂಬ ಊರು ಸೇರಿದಾಗ ಅವರಿಗೆ ಕಾದಿದ್ದದ್ದು ಆಸ್ಪತ್ರೆಯಲ್ಲ, ಶಾಲೆ. ಅಲ್ಲಿದ್ದ ಫ್ರಾನ್ಸಿನ ಭಗಿನಿಯರು ಹೊರಟುಹೋಗಿದ್ದರಿಂದ ಹೆಣ್ಣುಮಕ್ಕಳ ಶಾಲೆ ಅನಾಥವಾಗಿತ್ತು. ದಾದಿಯಾಗಿ ಹೋದ ಮೇರಿ ಪಾಠ ಹೇಳಬೇಕಾಯಿತು. ಜೊತೆಗೆ ಬಂದ ಗೆಳತಿ ಕಾಯಿಲೆ ಬಿದ್ದು ಊರಿಗೆ ಮರಳಿದರು. ಮೇರಿ ಉಳಿದರು. ಬಂದ ಉದ್ದೇಶ ಬೇರೆ, ಸಿಕ್ಕ ಕೆಲಸ ಬೇರೆ ಎಂದು ಗೊಣಗಿಕೊಂಡು ಹೊರಡಬಹುದಿತ್ತು. ಅವರು 1924ರವರೆಗೆ ಅಲ್ಲೇ ದುಡಿದರು. ಆ ಮೂರು ವರ್ಷಗಳಲ್ಲಿ ಅಲ್ಲಿನ ಹೆಂಗಸರ ಕಷ್ಟವನ್ನು ಅವರು ಹತ್ತಿರದಿಂದ ಕಂಡರು.

ಮುಚ್ಚಿದ ಬಾಗಿಲು

ಇಲ್ಲಿ ಧರ್ಮಸಭೆಯ ಅಂದಿನ ನಿಯಮವನ್ನು ಸ್ವಲ್ಪ ವಿವರಿಸಬೇಕು. ಮಧ್ಯಯುಗದಲ್ಲಿ ಗುರುಗಳೂ ಮಠವಾಸಿಗಳೂ ಹಣದಾಸೆಯಿಂದ ವೈದ್ಯ ವೃತ್ತಿ ಹಿಡಿದು ತಮ್ಮ ಧಾರ್ಮಿಕ ಕರ್ತವ್ಯ ಮರೆಯಬಾರದೆಂದು ಕೆಲವು ನಿರ್ಬಂಧಗಳು ಬಂದವು. ಕಾಲಕ್ರಮೇಣ ಅವು ಬೆಳೆದು, ವ್ರತ ಸ್ವೀಕರಿಸಿದ ಭಗಿನಿಯರು ವೈದ್ಯ ವೃತ್ತಿ ನಡೆಸಬಾರದು, ಹೆರಿಗೆ ಮಾಡಿಸಬಾರದು ಎಂಬಲ್ಲಿಗೆ ಬಂದು ನಿಂತಿದ್ದವು. ವ್ರತದ ಪಾವಿತ್ರ್ಯವನ್ನು ಕಾಪಾಡುವುದೇ ಅದರ ಉದ್ದೇಶವಾಗಿತ್ತು. ಆದರೆ ಪರಿಣಾಮವನ್ನು ಅನುಭವಿಸಿದವರು ಬಡ ತಾಯಂದಿರು. ಪುರುಷ ವೈದ್ಯರ ಮುಂದೆ ಬರಲಾಗದ ನಾಡುಗಳಲ್ಲಿ, ವೈದ್ಯರೇ ಇಲ್ಲದ ಹಳ್ಳಿಗಳಲ್ಲಿ, ಆ ತಾಯಂದಿರಿಗೆ ಸಾವೇ ಗತಿಯಾಗಿತ್ತು.

ಈ ನೋವನ್ನು ಮೊದಲು ಕಂಡವರಲ್ಲಿ ನಮ್ಮ ಉಪಖಂಡಕ್ಕೆ ಸಂಬಂಧಪಟ್ಟವರೂ ಇದ್ದಾರೆ. ಸ್ಕಾಟ್ಲೆಂಡಿನ ಡಾಕ್ಟರ್ ಆಗ್ನೆಸ್ ಮೆಕ್ಲಾರೆನ್ ಮುಪ್ಪಿನಲ್ಲಿಯೂ ರೋಮಿಗೆ ಹೋಗಿ ಈ ನಿಯಮವನ್ನು ಸಡಿಲಿಸುವಂತೆ ಬೇಡಿಕೊಂಡರು. ಅವರು ರಾವಲ್ಪಿಂಡಿಯಲ್ಲಿ ಕಟ್ಟಿಸಿದ ಆಸ್ಪತ್ರೆಯಲ್ಲಿ ದುಡಿದ ಆಸ್ಟ್ರಿಯಾದ ಡಾಕ್ಟರ್ ಅನ್ನಾ ಡೆಂಗೆಲ್ 1925ರಲ್ಲಿ ಅಮೆರಿಕಾದಲ್ಲಿ ಮೆಡಿಕಲ್ ಮಿಷನ್ ಸಿಸ್ಟರ್ಸ್ ಸಭೆಯನ್ನು ಆರಂಭಿಸಿದರು. ಮುಂದೆ 1948ರಲ್ಲಿ ಕಲ್ಕತ್ತೆಯ ಮದರ್ ತೆರೇಸಾ ಬಡವರ ಸೇವೆಗೆ ಇಳಿಯುವ ಮುನ್ನ ಶುಶ್ರೂಷೆ ಕಲಿತದ್ದು ಪಟ್ನಾದಲ್ಲಿದ್ದ ಈ ಭಗಿನಿಯರ ಆಸ್ಪತ್ರೆಯಲ್ಲಿಯೇ. ಆಸ್ಟ್ರೇಲಿಯಾದ ಡಾಕ್ಟರ್ ಮೇರಿ ಗ್ಲೋರಿ ವಿಶೇಷ ಅನುಮತಿ ಪಡೆದು ಆಂಧ್ರದ ಗುಂಟೂರಿನಲ್ಲಿ ಭಗಿನಿಯೂ ವೈದ್ಯರೂ ಆಗಿ ಬಾಳಿದರು. 1943ರಲ್ಲಿ ಅವರು ಆರಂಭಿಸಿದ ಕ್ಯಾಥೋಲಿಕ್ ಆಸ್ಪತ್ರೆಗಳ ಸಂಘ ಇಂದಿಗೂ ಇದೆ. ನಮ್ಮ ದೇಶಕ್ಕೊಂದು ಕ್ಯಾಥೋಲಿಕ್ ವೈದ್ಯಕೀಯ ಕಾಲೇಜು ಬೇಕೆಂಬುದು ಅವರ ಕನಸಾಗಿತ್ತು. ಅವರು ತೀರಿಕೊಂಡ ಆರು ವರ್ಷಗಳ ಬಳಿಕ, 1963ರಲ್ಲಿ, ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭವಾಯಿತು.

ಮೇರಿ ಮಾರ್ಟಿನ್ ಈ ಸಾಲಿನಲ್ಲಿ ನಿಲ್ಲುವವರು. ಆದರೆ ಅವರ ದಾರಿ ಇನ್ನೂ ಸ್ಪಷ್ಟವಾಗಿರಲಿಲ್ಲ. ನೈಜೀರಿಯಾದಿಂದ ಮರಳಿದ ಮೇಲೆ ಅವರು ಧರ್ಮಾಧ್ಯಕ್ಷ ಶಾನಹನ್ ಐರ್ಲೆಂಡಿನಲ್ಲಿ ಸ್ಥಾಪಿಸಿದ ಪವಿತ್ರ ಜಪಸರದ ಭಗಿನಿಯರ ಹೊಸ ಸಭೆಯನ್ನು ಸೇರಿದರು. ಆ ಸಭೆಯ ಒಲವು ಶಿಕ್ಷಣದ ಕಡೆಗಿತ್ತು. ರೋಗಿಗಳ ಸೇವೆಗೆ ಅಲ್ಲಿ ಜಾಗವಿಲ್ಲವೆಂದು ಕಂಡು ಮೇರಿ 1926ರಲ್ಲಿ ಹೊರಬಂದರು. ಮಠ ಬಿಟ್ಟುಬಂದ ಹೆಣ್ಣನ್ನು ಅಂದಿನ ಸಮಾಜ ಹೇಗೆ ನೋಡುತ್ತಿತ್ತೆಂದು ಹಿರಿಯರಿಗೆ ಗೊತ್ತಿದೆ. ಬಳಿಕ ಕಾರ್ಮೆಲ್ ಮಠದ ಏಕಾಂತಕ್ಕೆ ತಮ್ಮನ್ನು ಒಪ್ಪಿಸಿಕೊಳ್ಳಲು ಬಯಸಿದರು. ಅಲ್ಲಿಯೂ ಪ್ರವೇಶ ಸಿಗಲಿಲ್ಲ. ಆಮೇಲೆ ವರ್ಷಗಟ್ಟಲೆ ಕಾಯಿಲೆ. ಮೂವತ್ತೈದು ದಾಟಿದ, ಹಾಸಿಗೆ ಹಿಡಿದ, ಯಾವ ಮಠಕ್ಕೂ ಸೇರದ ಮಹಿಳೆ. ಹೊರಗಿನವರ ಲೆಕ್ಕದಲ್ಲಿ ಅವರ ಕಥೆ ಅಲ್ಲಿಗೆ ಮುಗಿದಿತ್ತು.

ದೇವರ ಲೆಕ್ಕ ಬೇರೆಯೇ ಆಗಿತ್ತು. ಚೇತರಿಸಿಕೊಂಡ ಮೇರಿ 1930ರ ದಶಕದ ಆರಂಭದಲ್ಲಿ ಐರ್ಲೆಂಡಿನಲ್ಲಿದ್ದ ಪೋಪ್ ಜಗದ್ಗುರುಗಳ ಪ್ರತಿನಿಧಿ ಮಹಾಧರ್ಮಾಧ್ಯಕ್ಷ ಪಾಸ್ಕಲ್ ರಾಬಿನ್ಸನ್ ಅವರನ್ನು ಕಂಡರು. ಅವರು ಧೈರ್ಯ ತುಂಬಿದರು. ಒಬ್ಬಿಬ್ಬರು ಯುವತಿಯರು ಜೊತೆಗೂಡಿದರು. ಅವರಿಗೆ ಮನೆಯಿಲ್ಲ, ಹಣವಿಲ್ಲ. ಆಗ ಲಿಮೆರಿಕ್ ಪ್ರಾಂತದ ಗ್ಲೆನ್‌ಸ್ಟಾಲ್ ಎಂಬಲ್ಲಿನ ಬೆನೆಡಿಕ್ಟೈನ್ ಸನ್ಯಾಸಿಗಳು ತಮ್ಮ ಶಾಲೆಯ ಅಡಿಗೆ ಮತ್ತು ಮನೆವಾರ್ತೆಯನ್ನು ನೋಡಿಕೊಂಡರೆ, ಪ್ರತಿಯಾಗಿ ಧಾರ್ಮಿಕ ಜೀವನದ ಶಿಕ್ಷಣ ಕೊಡುವುದಾಗಿ ಒಪ್ಪಿದರು. 1934ರಿಂದ ಈ ಮಹಿಳೆಯರು ಹುಡುಗರ ಶಾಲೆಯಲ್ಲಿ ಪಾತ್ರೆ ಬೆಳಗುತ್ತಾ, ಹಾಸಿಗೆ ಹೊದಿಕೆ ಒಗೆಯುತ್ತಾ ಆಫ್ರಿಕಾದ ಕನಸು ಕಂಡರು.

1936ರ ಫೆಬ್ರವರಿ 11, ಲೂರ್ದು ಮಾತೆಯ ಹಬ್ಬ. ಅಂದಿನ ತಾರೀಖಿನಲ್ಲಿ ರೋಮಿನಿಂದ ಹೊಸ ಆದೇಶ ಹೊರಬಿತ್ತು. ಪ್ರೇಷಿತ ನಾಡುಗಳಲ್ಲಿ ತಾಯಿ ಮಕ್ಕಳ ಆರೈಕೆಗಾಗಿ ಭಗಿನಿಯರು ಮುಂದೆ ಬರಬೇಕು, ಅದಕ್ಕಾಗಿ ಹೊಸ ಸಭೆಗಳು ಹುಟ್ಟಿದರೆ ಒಳ್ಳೆಯದು, ಅವರು ಸರಿಯಾದ ವೈದ್ಯಕೀಯ ಪದವಿಯನ್ನೂ ದಾದಿ ಶಿಕ್ಷಣವನ್ನೂ ಪಡೆದಿರಬೇಕು ಎಂಬುದು ಅದರ ಸಾರಾಂಶ. ಶತಮಾನಗಳ ಬಾಗಿಲು ತೆರೆಯಿತು. ಮೇರಿ ಕಾದದ್ದು ವ್ಯರ್ಥವಾಗಲಿಲ್ಲ.

ಆಸ್ಪತ್ರೆಯ ಹಾಸಿಗೆಯಲ್ಲಿ ಹುಟ್ಟಿದ ಸಭೆ

ಆ ವರ್ಷದ ಕೊನೆಯಲ್ಲಿ ಮೇರಿ ತಮ್ಮ ಪುಟ್ಟ ಗುಂಪಿನೊಡನೆ ಮತ್ತೆ ನೈಜೀರಿಯಾಕ್ಕೆ ಹೊರಟರು. ಕಲಬಾರ್ ಪ್ರಾಂತದ ಹೊಣೆ ಹೊತ್ತಿದ್ದ ಮಾನ್ಯ ಜೇಮ್ಸ್ ಮೊಯ್ನಾ ಅವರನ್ನು ಆದರದಿಂದ ಬರಮಾಡಿಕೊಂಡರು. ಆದರೆ ಕೆಲವೇ ವಾರಗಳಲ್ಲಿ ಮೇರಿ ಮತ್ತೆ ಕಾಯಿಲೆ ಬಿದ್ದರು. ಅವರನ್ನು ಪೋರ್ಟ್ ಹಾರ್‌ಕೋರ್ಟ್ ನಗರದ ಸರಕಾರಿ ಆಸ್ಪತ್ರೆಗೆ ಸೇರಿಸಲಾಯಿತು. ಅವರು ಉಳಿಯುವ ಭರವಸೆ ಕಡಿಮೆಯಾಗಿತ್ತು.

1937ರ ಏಪ್ರಿಲ್ 4ರಂದು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಂತೆಯೇ ಮೇರಿ ತಮ್ಮ ವ್ರತಗಳನ್ನು ಸ್ವೀಕರಿಸಿದರು. ಮಹಾದೇವಾಲಯವಿಲ್ಲ, ಗಾಯನವೃಂದವಿಲ್ಲ, ಬಂಧುಬಳಗವಿಲ್ಲ. ರೋಗಿಗಳ ಸೇವೆಗೆಂದು ಹುಟ್ಟಿದ ಸಭೆಯ ಮೊದಲ ಭಗಿನಿ ತಾನೇ ರೋಗಿಯಾಗಿದ್ದರು. ಸಭೆ ಹುಟ್ಟಿದ್ದು ಹೀಗೆ.

ಅವರನ್ನು ಹಡಗಿನಲ್ಲಿ ಐರ್ಲೆಂಡಿಗೆ ಸಾಗಿಸಲಾಯಿತು. ಸತ್ತೇ ಹೋಗುವರೆಂದು ಭಾವಿಸಿದ್ದ ಮೇರಿ ಮತ್ತೆ ಮೂವತ್ತೇಳು ವರ್ಷಗಳಿಗೂ ಹೆಚ್ಚು ಕಾಲ ಬಾಳಿದರು. ತಾವು ಆಫ್ರಿಕಾದಲ್ಲಿ ನೆಲೆಸಿ ಸೇವೆ ಮಾಡಲಾರೆವೆಂದು ಅವರಿಗೆ ಖಚಿತವಾಯಿತು. ತಾನು ಹೋಗಲಾಗದಿದ್ದರೆ ಇತರರನ್ನು ತಯಾರು ಮಾಡಿ ಕಳುಹಿಸಬಹುದಲ್ಲವೆ? ಡ್ರಾಹೆಡಾ ಎಂಬ ಬಂದರು ಪಟ್ಟಣದಲ್ಲಿ ಅವರು ನೆಲೆ ನಿಂತರು. ಅಲ್ಲಿ 1939ರ ಸುಮಾರಿಗೆ ಲೂರ್ದು ಮಾತೆಯ ಹೆಸರಿನಲ್ಲಿ ಹೆರಿಗೆ ಆಸ್ಪತ್ರೆ ಆರಂಭವಾಯಿತು. ಊರಿನ ತಾಯಂದಿರಿಗೆ ಚಿಕಿತ್ಸೆ, ಪ್ರೇಷಿತ ನಾಡುಗಳಿಗೆ ಹೊರಡುವ ಭಗಿನಿಯರಿಗೆ ತರಬೇತಿ ಎರಡೂ ಒಂದೇ ಸೂರಿನಡಿ ನಡೆದವು. 1957ರಲ್ಲಿ ಅದು ದೊಡ್ಡ ತರಬೇತಿ ಆಸ್ಪತ್ರೆಯಾಗಿ ಬೆಳೆಯಿತು. ನೈಜೀರಿಯಾದ ಅನುವಾ ಎಂಬಲ್ಲಿ ಸಂತ ಲೂಕರ ಆಸ್ಪತ್ರೆ, ಓಗೋಜಾದಲ್ಲಿ ಕುಷ್ಠರೋಗಿಗಳ ಆರೈಕೆ, ಹೀಗೆ ಕೆಲಸ ಹರಡಿತು.

ಕೈಯೊಡ್ಡಲು ನಾಚದ ತಾಯಿ

ಆಸ್ಪತ್ರೆಗಳು ಪ್ರಾರ್ಥನೆಯಿಂದ ಮಾತ್ರ ನಡೆಯುವುದಿಲ್ಲ. ಔಷಧಿ, ಹತ್ತಿ, ಹಾಸಿಗೆ, ಸೀಮೆಎಣ್ಣೆ ಎಲ್ಲಕ್ಕೂ ಹಣ ಬೇಕು. ಒಬ್ಬ ಭಗಿನಿಯನ್ನು ವೈದ್ಯಳನ್ನಾಗಿ ಮಾಡಲು ವರ್ಷಗಟ್ಟಲೆ ವಿಶ್ವವಿದ್ಯಾಲಯದ ಶುಲ್ಕ ಕಟ್ಟಬೇಕು. ಹಣವಿದ್ದ ಮನೆಯಲ್ಲಿ ಹುಟ್ಟಿದ ಮದರ್ ಮೇರಿ ಬಡವರಿಗಾಗಿ ಬೇಡುವುದನ್ನು ಕಲಿತರು. ಸಭೆಯ ಪತ್ರಿಕೆಯೊಂದು ಮನೆಮನೆಗೆ ಹೋಗತೊಡಗಿತು. ದೂರದ ಹಳ್ಳಿಯ ರೋಗಿಗಳ ವಿಷಯ ಅದರ ಮೂಲಕ ಸಾಮಾನ್ಯ ಭಕ್ತರಿಗೆ ತಿಳಿಯಿತು.

1940ರ ದಶಕದ ಕೊನೆಯಲ್ಲಿ ಅವರು ಇನ್ನೊಂದು ಹೆಜ್ಜೆ ಇಟ್ಟರು. ಸಭೆಯ ಸೇವೆಯನ್ನು ಕುರಿತು ಚಲನಚಿತ್ರವನ್ನೇ ಮಾಡಿಸಿದರು. ಮರಿಯಮ್ಮನವರು ಎಲಿಜಬೇತರನ್ನು ಸಂದರ್ಶಿಸಿದ ಘಟನೆಯ ಹೆಸರನ್ನೇ ಆ ಚಿತ್ರಕ್ಕೆ ಇಡಲಾಯಿತು. ಭಗಿನಿಯರು ಸಿನಿಮಾದ ಬಳಿ ಸುಳಿಯುವುದೇ ಅಪರೂಪವಾಗಿದ್ದ ಕಾಲವದು. ಕಂಡರೆ ಮಾತ್ರ ಜನರ ಕರುಳು ಚುರುಕ್ ಎನ್ನುತ್ತದೆ ಎಂಬುದು ಮದರ್ ಮೇರಿಗೆ ತಿಳಿದಿತ್ತು. ಅಮೆರಿಕಾದ ಬೋಸ್ಟನ್ನಿನ ಮಹಾಧರ್ಮಾಧ್ಯಕ್ಷ ರಿಚರ್ಡ್ ಕಶಿಂಗ್ ಸಭೆಯ ಭಗಿನಿಯರನ್ನು ತಮ್ಮ ಧರ್ಮಪ್ರಾಂತಕ್ಕೆ ಬರಮಾಡಿಕೊಂಡರು. ಸಮುದ್ರದಾಚೆಯ ಐರಿಷ್ ಮೂಲದ ಕುಟುಂಬಗಳೂ ಸೇವೆಯಲ್ಲಿ ಕೈಜೋಡಿಸಿದವು.

ಬರಗಾಲದ ನೆನಪು

ಐರ್ಲೆಂಡಿನ ಜನ ಪರದೇಶದ ಹಸಿವಿಗೆ ಬೇಗ ಕರಗುವುದಕ್ಕೆ ಕಾರಣವಿದೆ. 1845ರಿಂದ ಕೆಲವು ವರ್ಷ ಆ ದೇಶದ ಬಡವರ ಏಕೈಕ ಆಹಾರವಾಗಿದ್ದ ಆಲೂಗಡ್ಡೆಗೆ ರೋಗ ತಗುಲಿ ಬೆಳೆ ಕೊಳೆತುಹೋಯಿತು. ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ಜ್ವರದಿಂದಲೂ ಸತ್ತರು. ಸುಮಾರು ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಆಗ ಮೊದಲು ನೆರವು ಬಂದ ಸ್ಥಳಗಳಲ್ಲಿ ನಮ್ಮ ಕಲ್ಕತ್ತೆಯೂ ಒಂದು. ಅಲ್ಲಿದ್ದ ಐರಿಷ್ ಸೈನಿಕರೂ ಇತರರೂ ಸೇರಿ ಸುಮಾರು 14,000 ಪೌಂಡ್ ಕಳುಹಿಸಿದರು. ಅಮೆರಿಕಾದಲ್ಲಿ ತಮ್ಮ ನೆಲದಿಂದ ಹೊರದೂಡಲ್ಪಟ್ಟು ತಾವೇ ನೊಂದಿದ್ದ ಚಾಕ್ಟಾ ಆದಿವಾಸಿಗಳು ಕೂಡ 1847ರಲ್ಲಿ ತಮ್ಮ ಕೈಲಾದಷ್ಟು ಕೂಡಿಸಿ ಕೊಟ್ಟರು. ಅಂದು ಪಡೆದದ್ದನ್ನು ಐರಿಷ್ ಜನ ಮರೆಯಲಿಲ್ಲ.

ಹಸಿವು ಮದರ್ ಮೇರಿಯ ಭಗಿನಿಯರನ್ನು ಪದೇಪದೇ ಕರೆಯಿತು. 1960ರ ದಶಕದ ಆರಂಭದಲ್ಲಿ ಕೆನ್ಯಾ ದೇಶದ ತುರ್ಕಾನಾ ಮರುಭೂಮಿಯಲ್ಲಿ ಮಳೆಯಿಲ್ಲದೆ ದನಕರುಗಳು ಸತ್ತು ಜನ ಕಂಗಾಲಾದಾಗ ಅವರು ಅಲ್ಲಿಗೆ ಹೋದರು. ರಸ್ತೆಯೇ ಇಲ್ಲದ ಆ ನಾಡಿನಲ್ಲಿ ರೋಗಿಗಳನ್ನು ತಲುಪಲು ವೈದ್ಯೆಯಾದ ಭಗಿನಿಯೊಬ್ಬರು ಪುಟ್ಟ ವಿಮಾನ ಹಾರಿಸುವುದನ್ನೂ ಕಲಿತರು.

ಆದರೆ ಅತ್ಯಂತ ದೊಡ್ಡ ಪರೀಕ್ಷೆ ಬಂದದ್ದು ಸಭೆ ಹುಟ್ಟಿದ ನೈಜೀರಿಯಾದಲ್ಲೇ. 1967ರ ಜುಲೈಯಲ್ಲಿ ಆ ದೇಶದಲ್ಲಿ ಅಂತರ್ಯುದ್ಧ ಆರಂಭವಾಯಿತು. ಬಯಾಫ್ರಾ ಎಂಬ ಹೆಸರಿನಲ್ಲಿ ಪ್ರತ್ಯೇಕವಾದ ಪೂರ್ವ ಭಾಗವನ್ನು ಸೈನ್ಯ ಸುತ್ತುವರಿಯಿತು. ಸಮುದ್ರದ ದಾರಿ ಮುಚ್ಚಿತು, ಆಹಾರ ಬರುವುದು ನಿಂತಿತು. ಸತ್ತವರ ಲೆಕ್ಕ ಇಂದಿಗೂ ಇತ್ಯರ್ಥವಾಗಿಲ್ಲ. ಹತ್ತು ಲಕ್ಷಕ್ಕೂ ಮೀರಿರಬಹುದೆಂದು ಅನೇಕರು ಅಂದಾಜು ಮಾಡಿದ್ದಾರೆ. ಅವರಲ್ಲಿ ಹೆಚ್ಚಿನವರು ಗುಂಡಿಗೆ ಬಲಿಯಾದವರಲ್ಲ, ಹಸಿವಿಗೆ ಬಲಿಯಾದವರು. ಅದರಲ್ಲೂ ಮಕ್ಕಳು.

ಮಕ್ಕಳನ್ನು ಕಾಡಿದ ಕಾಯಿಲೆಗೆ ಕ್ವಾಶಿಯೊರ್ಕರ್ ಎಂದು ಹೆಸರು. ಅದು ಘಾನಾ ದೇಶದ ಮಾತು. ಹೊಸ ಮಗು ಹುಟ್ಟಿದಾಗ ತಾಯಿಯ ಎದೆಹಾಲಿನಿಂದ ದೂರವಾದ ಹಿರಿಯ ಮಗುವಿಗೆ ಬರುವ ಕಾಯಿಲೆ ಎಂದು ಅದರ ಅರ್ಥ. ಹೊಟ್ಟೆಗೆ ಗೆಡ್ಡೆ ಗೆಣಸು ಸಿಕ್ಕರೂ ಹಾಲು, ಬೇಳೆ, ಮೀನು, ಮೊಟ್ಟೆಯಂಥ ಪುಷ್ಟಿಕರ ಆಹಾರ ಸಿಗದಿದ್ದರೆ ಕಾಲು ಊದುತ್ತದೆ, ಹೊಟ್ಟೆ ಉಬ್ಬುತ್ತದೆ, ಕಪ್ಪು ಕೂದಲು ಕೆಂಚಗಾಗುತ್ತದೆ. ಮಗು ಅಳುವುದನ್ನೂ ಬಿಟ್ಟು ಮಂಕಾಗಿ ಕೂರುತ್ತದೆ. ಇಂಥ ಮಗುವಿಗೆ ಕನಿಕರದಿಂದ ಒಮ್ಮೆಲೇ ಹೊಟ್ಟೆತುಂಬ ಉಣಿಸಿದರೆ ಪ್ರಾಣಕ್ಕೇ ಅಪಾಯ. ಬೆಚ್ಚಗಿಟ್ಟು, ಸೋಂಕಿಗೆ ಔಷಧಿ ಕೊಟ್ಟು, ಕೆಲವು ಗಂಟೆಗಳಿಗೊಮ್ಮೆ ಸ್ವಲ್ಪ ಸ್ವಲ್ಪವೇ ಕುಡಿಸುತ್ತಾ ಬರಬೇಕು. ಹಗಲೂ ರಾತ್ರಿ ಎಚ್ಚರವಿರುವ ಕೈ ಬೇಕು. ಬರಗಾಲದಲ್ಲಿ ಧಾನ್ಯದಷ್ಟೇ ದಾದಿಯೂ ಅಗತ್ಯ ಎನ್ನುವುದು ಇದಕ್ಕಾಗಿ.

ಈ ಕೈಗಳಾಗಿ ನಿಂತವರಲ್ಲಿ ಮದರ್ ಮೇರಿಯ ಭಗಿನಿಯರಿದ್ದರು. ಇತರ ಸಭೆಗಳ ಗುರುಗಳೂ ಭಗಿನಿಯರೂ ಇದ್ದರು. ಅವರ ಆಸ್ಪತ್ರೆಗಳು ಯುದ್ಧದ ಎರಡೂ ಬದಿಯಲ್ಲಿದ್ದವು. ಊರಿಗೆ ಮರಳುವ ಅವಕಾಶವಿದ್ದರೂ ಅನೇಕರು ರೋಗಿಗಳನ್ನು ಬಿಟ್ಟು ಬರಲಿಲ್ಲ. ಕ್ಯಾರಿತಾಸ್ ಸಂಸ್ಥೆಯೂ ಪ್ರೊಟೆಸ್ಟೆಂಟ್ ಸಭೆಗಳೂ ಕೂಡಿ ಸಾವೊ ತೊಮೆ ದ್ವೀಪದಿಂದ ರಾತ್ರಿ ಹೊತ್ತು ವಿಮಾನಗಳಲ್ಲಿ ಆಹಾರ ಕಳುಹಿಸಿದವು. ಉಲಿ ಎಂಬಲ್ಲಿ ಸಾಮಾನ್ಯ ರಸ್ತೆಯನ್ನೇ ಅಗಲಿಸಿ ವಿಮಾನ ಇಳಿಸುವ ನೆಲ ಮಾಡಿದ್ದರು. ಬಾಂಬಿನ ಭಯಕ್ಕೆ ದೀಪಗಳನ್ನು ಕ್ಷಣಕಾಲ ಮಾತ್ರ ಹೊತ್ತಿಸುತ್ತಿದ್ದರು. ಹಾಲಿನ ಪುಡಿ, ಉಪ್ಪು, ನಾರ್ವೆಯ ಒಣಮೀನು ಹೊತ್ತ ಐದು ಸಾವಿರಕ್ಕೂ ಹೆಚ್ಚು ಹಾರಾಟಗಳು ನಡೆದವು. ಕೆಲವು ವಿಮಾನಗಳು ಉರುಳಿ ಚಾಲಕರು ಪ್ರಾಣ ತೆತ್ತರು. ಐರ್ಲೆಂಡಿನಲ್ಲಿ ಮನೆಮನೆಯಿಂದ ಹಣ ಕೂಡಿಸಿ 1968ರಲ್ಲಿ ಆಹಾರದ ಹಡಗನ್ನೇ ಕಳುಹಿಸಿದರು.

ಈ ನೆರವನ್ನು ಎಲ್ಲರೂ ಮೆಚ್ಚಲಿಲ್ಲ. ಇದರಿಂದ ಯುದ್ಧ ಇನ್ನಷ್ಟು ದಿನ ಎಳೆಯಿತೆಂದು ಟೀಕಿಸಿದವರಿದ್ದರು. ಈಗಲೂ ಇದ್ದಾರೆ. 1970ರ ಜನವರಿಯಲ್ಲಿ ಯುದ್ಧ ಮುಗಿದಾಗ ಬಯಾಫ್ರಾ ಭಾಗದಲ್ಲಿ ಉಳಿದಿದ್ದ ಅನೇಕ ಪ್ರೇಷಿತರನ್ನು ನೈಜೀರಿಯಾ ಸರಕಾರ ಬಂಧಿಸಿ ದೇಶದಿಂದ ಹೊರಗೆ ಕಳುಹಿಸಿತು. ರಾಜಕೀಯದ ನ್ಯಾಯ ಅನ್ಯಾಯವನ್ನು ಇತಿಹಾಸಕಾರರು ತೂಗಲಿ. ಕಣ್ಣೆದುರು ಸಾಯುತ್ತಿರುವ ಮಗು ಯಾರ ಪಕ್ಷದ್ದು ಎಂದು ಕೇಳದೆ ಅದಕ್ಕೆ ಹಾಲು ಕುಡಿಸಿದವರನ್ನು ತಪ್ಪಿತಸ್ಥರೆನ್ನಲು ನಮಗೆ ಬಾಯಿ ಬಾರದು.

ಸಂಜೆಯ ವರ್ಷಗಳು

ಮದರ್ ಮೇರಿಗೆ ಗೌರವಗಳು ಹುಡುಕಿಕೊಂಡು ಬಂದವು. 1963ರಲ್ಲಿ ರೆಡ್‌ಕ್ರಾಸ್ ಸಂಸ್ಥೆಯ ಫ್ಲಾರೆನ್ಸ್ ನೈಟಿಂಗೇಲ್ ಪದಕ. 1966ರಲ್ಲಿ ಐರ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಅವರನ್ನು ಗೌರವ ಫೆಲೋ ಆಗಿ ಸ್ವೀಕರಿಸಿತು. ಆ ಗೌರವ ಪಡೆದ ಮೊದಲ ಮಹಿಳೆ ಅವರೇ. ಅದೇ ವರ್ಷ ಡ್ರಾಹೆಡಾ ಪಟ್ಟಣವೂ ಅವರನ್ನು ಸನ್ಮಾನಿಸಿತು. ಬಯಾಫ್ರಾದ ಸಂಕಟ ನಡೆಯುವ ಹೊತ್ತಿಗೆ ಅವರ ದೇಹ ಬಹಳ ದುರ್ಬಲವಾಗಿತ್ತು. 1975ರ ಜನವರಿ 27ರಂದು ಡ್ರಾಹೆಡಾದಲ್ಲಿ, ತಮ್ಮ 82ನೆಯ ವಯಸ್ಸಿನಲ್ಲಿ, ಅವರು ಕಣ್ಮುಚ್ಚಿದರು.

ಅವರು ಕಟ್ಟಿದ ಆಸ್ಪತ್ರೆಯ ಚರಿತ್ರೆಯಲ್ಲಿ ನೋವಿನ ಪುಟವೂ ಇದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಕಷ್ಟದ ಹೆರಿಗೆಗಳಲ್ಲಿ ತಾಯಿಯ ಸೊಂಟದ ಮೂಳೆಯ ಕೀಲನ್ನು ಕತ್ತರಿಸಿ ಅಗಲಿಸುವ ಹಳೆಯ ಪದ್ಧತಿಯನ್ನು ಬೇರೆಡೆ ಕೈಬಿಟ್ಟ ನಂತರವೂ ಅಲ್ಲಿನ ವೈದ್ಯರು ಬಹುಕಾಲ ಮುಂದುವರಿಸಿದರು. ಅನೇಕ ತಾಯಂದಿರು ಬಾಳಿಡೀ ನೋವು ತಿಂದರು. 2014ರಲ್ಲಿ ಐರ್ಲೆಂಡ್ ಸರಕಾರ ಇಂಥ ತಾಯಂದಿರಿಗೆ ಪರಿಹಾರ ನೀಡುವ ಯೋಜನೆ ತಂದಿತು. ಆಸ್ಪತ್ರೆ 1997ರಲ್ಲೇ ಸರಕಾರದ ಆರೋಗ್ಯ ಮಂಡಳಿಯ ಕೈಗೆ ಹೋಗಿತ್ತು. ಸೇವೆಯ ಮನಸ್ಸು ಎಷ್ಟೇ ಒಳ್ಳೆಯದಾಗಿದ್ದರೂ ರೋಗಿಯ ಮಾತಿಗೆ ಕಿವಿಗೊಡದಿದ್ದರೆ ಗಾಯವಾಗುತ್ತದೆ ಎಂಬ ಪಾಠ ಎಲ್ಲ ಆಸ್ಪತ್ರೆಗಳಿಗೂ, ನಮ್ಮವುಗಳಿಗೂ, ಅನ್ವಯಿಸುತ್ತದೆ.

ನಮ್ಮ ಕುಟುಂಬಗಳಿಗೆ

ಮದರ್ ಮೇರಿ ತಮ್ಮ ಸಭೆಗೆ ಆದರ್ಶವಾಗಿ ಆರಿಸಿಕೊಂಡದ್ದು ಮಾತೆ ಮರಿಯಮ್ಮನವರ ಸಂದರ್ಶನದ ಘಟನೆಯನ್ನು. ದೇವದೂತನ ಸಂದೇಶ ಪಡೆದ ಮರಿಯಮ್ಮನವರು ಮನೆಯಲ್ಲಿ ಕುಳಿತು ತಮ್ಮ ಭಾಗ್ಯವನ್ನು ಎಣಿಸುತ್ತಿರಲಿಲ್ಲ. ವಯಸ್ಸಾದ ಬಂಧು ಬಸುರಿಯಾಗಿದ್ದಾರೆಂದು ತಿಳಿದ ಕೂಡಲೇ ಬೆಟ್ಟದ ಸೀಮೆಗೆ ಅವಸರದಿಂದ ಹೊರಟರು. ಸುಮಾರು ಮೂರು ತಿಂಗಳು ಜೊತೆಗಿದ್ದರು. ಯೇಸುಸ್ವಾಮಿಯನ್ನು ಗರ್ಭದಲ್ಲಿ ಹೊತ್ತುಕೊಂಡೇ ಅವರು ಈ ಸೇವೆ ಮಾಡಿದರು. ಜಪಸರದಲ್ಲಿ ಸಂತೋಷದ ಎರಡನೆಯ ರಹಸ್ಯವನ್ನು ಧ್ಯಾನಿಸುವಾಗಲೆಲ್ಲ ನಾವು ಇದನ್ನು ನೆನೆಯುತ್ತೇವೆ. ಆದರೆ ನಮ್ಮ ಬೀದಿಯಲ್ಲಿ ಸಹಾಯಕ್ಕಾಗಿ ಕಾಯುತ್ತಿರುವ ಎಲಿಜಬೇತ್ ಯಾರೆಂದು ಕೇಳಿಕೊಳ್ಳುತ್ತೇವೆಯೆ?

ಪ್ರಿಯ ಓದುಗರೇ, ಈ ಬಾಳಿನಿಂದ ನಾವು ಎರಡು ಮಾತು ಕಲಿಯಬಹುದು. ಮೊದಲನೆಯದು, ಮುಚ್ಚಿದ ಬಾಗಿಲುಗಳೆಲ್ಲ ದೇವರ ನಿರಾಕರಣೆಯಲ್ಲ. ಮಗಳಿಗೆ ಬಯಸಿದ ಕೋರ್ಸು ಸಿಗಲಿಲ್ಲವೆಂದು, ಮಗ ಸೆಮಿನರಿಯಿಂದ ಮರಳಿ ಬಂದನೆಂದು, ಕಾಯಿಲೆಯಿಂದ ಕೆಲಸ ಬಿಡಬೇಕಾಯಿತೆಂದು ಕೊರಗುವ ಮನೆಗಳು ನಮ್ಮಲ್ಲಿವೆ. ಮಠದಿಂದ ಹೊರಬಂದು, ಇನ್ನೊಂದು ಮಠದಲ್ಲಿ ಪ್ರವೇಶ ಸಿಗದೆ, ಹಾಸಿಗೆ ಹಿಡಿದಿದ್ದ ಮೇರಿಯನ್ನು ಅಂಥ ಮನೆಗಳವರು ನೆನಪಿಸಿಕೊಳ್ಳಲಿ.

ಎರಡನೆಯದು ಕೊಡುವ ಮಾತು. ಪ್ರೇಷಿತ ಭಾನುವಾರ ಬುಟ್ಟಿ ಮುಂದೆ ಬಂದಾಗ, ತಪಸ್ಸುಕಾಲದಲ್ಲಿ ಉಪವಾಸದ ಉಳಿತಾಯವನ್ನು ಕೊಡುವಾಗ, ನಮ್ಮ ಹತ್ತು ರೂಪಾಯಿಯಿಂದ ಏನಾದೀತು ಎಂಬ ಯೋಚನೆ ಬರುವುದು ಸಹಜ. ಚಾಕ್ಟಾ ಆದಿವಾಸಿಗಳ ಕಾಣಿಕೆ ಐರ್ಲೆಂಡಿನ ಹಸಿವನ್ನು ನೀಗಿಸಲಿಲ್ಲ. ಆದರೆ ಅದು ಆ ಜನರ ಹೃದಯದಲ್ಲಿ ಉಳಿಯಿತು. ನೂರು ವರ್ಷಗಳ ಮೇಲೆ ಅವರ ಮೊಮ್ಮಕ್ಕಳು ಆಫ್ರಿಕಾದ ಮಕ್ಕಳಿಗಾಗಿ ಹಡಗು ತುಂಬಿಸಿದರು. ಮದರ್ ಮೇರಿಗೆ ದೊಡ್ಡವರ ನೆರವೂ ಸಿಕ್ಕಿತು. ಆದರೆ ಅವರ ಆಸ್ಪತ್ರೆಗಳು ನಿಂತದ್ದು ಹೆಸರು ಹೇಳಿಕೊಳ್ಳದ ಸಾಮಾನ್ಯ ಧರ್ಮಕೇಂದ್ರಗಳ ಕಾಣಿಕೆಯ ಮೇಲೆ. ಮುಂದಿನ ಬಾರಿ ಬುಟ್ಟಿ ಬಂದಾಗ ಕೊಡುವ ಹಣವನ್ನು ಮಕ್ಕಳ ಕೈಯಿಂದಲೇ ಹಾಕಿಸೋಣ. ಅದು ಎಲ್ಲಿಗೆ ಹೋಗುತ್ತದೆ, ಯಾರ ಹೊಟ್ಟೆ ಸೇರುತ್ತದೆ ಎಂಬುದನ್ನೂ ಅವರಿಗೆ ಹೇಳೋಣ.